ಹಲ್ಲೆಣಿಕೆ

ದಾನಕ್ಕೆ ಬಂದ ಹಸುವಿನ ಹಲ್ಲೆಣಿಸಬಾರದಂತೆ.
ಎಣಿಸುತ್ತಿದ್ದೇನೆ ಮೂರು ವಾರದಿಂದ,
ಹಿಯುಮಾ ದ್ವೀಪದ ಈ ಆಸ್ಪತ್ರೆಯ ನೆಲಮಾಳಿಗೆಯಲ್ಲಿ,
ಒಂದಲ್ಲ, ಮೂರು ಹಸು.

ಮೇಲಿನಿಂದ ಲೆಕ್ಕದ ಹೆಲ್ಮಿ ಕೇಳುತ್ತಾಳೆ:
'ಕಾಸಿಲ್ಲದೆ ಸಿಗುವುದಕ್ಕೆ ಎಂಥ ಚೌಕಾಸಿ?
ಮೂರನ್ನೂ ಹಾಕು, ಮುಗಿಸು.'
ಹಾಕಬಹುದು. ಮೇವು ಯಾರ ಮನೆಯದು, ಹೆಲ್ಮಿ?
ರಾತ್ರಿ ಎರಡಕ್ಕೆ ಸಗಣಿ ಬಾಚುವವರು ಯಾರು?

ನನ್ನ ಹಟ್ಟಿ ದೊಡ್ಡದೇನಲ್ಲ:
ಹನ್ನೊಂದು ಸ್ವಿಚ್ಚು, ನಾಲ್ಕು ಸರ್ವರು,
ಎಕ್ಸ್‌ರೇ ಕೋಣೆಗೆ ಹೋಗುವ, ಇಲಿ ಒಮ್ಮೆ ರುಚಿ ನೋಡಿದ ಕೇಬಲ್ಲು,
ಆಮೇಲೆ ರಕ್ತದ ಫ್ರಿಜ್ಜು.
ಎರಡು ಡಿಗ್ರಿಗಿಂತ ಇಳಿಯಬಾರದು, ಆರು ದಾಟಬಾರದು.
ಹಡಗು ನಿಂತ ದಿನ
ಈ ದ್ವೀಪಕ್ಕೆ ಇರುವುದು ಅಷ್ಟೇ ರಕ್ತ.

ಮೊದಲನೆಯದು ಚೆಲುವೆ.
ಪರದೆಯ ತುಂಬ ನೀಲಿ ಗುಡ್ಡ, ಹಸಿರು ಕಣಿವೆ,
ನೋಡುತ್ತ ನೋಡುತ್ತ ಕಾಫಿ ಆರಿತು.
ಪರೀಕ್ಷೆಗೆಂದು ಒಂದು ತಂತಿ ಕಿತ್ತೆ.
ಗುಡ್ಡ ಗುಡ್ಡವಾಗೇ ಇತ್ತು.
ಏಳು ನಿಮಿಷ ಕಳೆದು, ಮೆಲ್ಲಗೆ, ಒಂದು ಮೂಲೆ ಕೆಂಪಾಯಿತು
ಊರು ಕೊಳ್ಳೆ ಹೋದ ಮೇಲೆ
ದಿಡ್ಡಿ ಬಾಗಿಲು ಹಾಕಿದ ಹಾಗೆ.

ಎರಡನೆಯದಕ್ಕೆ ನಿದ್ದೆಯೇ ಇಲ್ಲ, ನನಗೂ.
ಒಂದೇ ರಾತ್ರಿ ಮುನ್ನೂರ ನಲವತ್ತು ಸಲ ತೋಳ ಬಂತು ತೋಳ:
ಹೆರಿಗೆ ವಾರ್ಡಿನ ಪ್ರಿಂಟರಿನಲ್ಲಿ ಕಾಗದವಿಲ್ಲ.
ಸುಳ್ಳು ಹೇಳಲಿಲ್ಲ ಪಾಪ,
ಕಾಗದ ಇರಲಿಲ್ಲ, ನಿಜ.
ನಾಲ್ಕನೆಯ ರಾತ್ರಿ ಫೋನು ದಿಂಬಿನಡಿಗೆ ಹೋಯಿತು,
ಐದನೆಯ ರಾತ್ರಿ ಆಚೆ ಕೋಣೆಯ ಕೋಟಿನ ಜೇಬಿಗೆ.
ಆರನೆಯ ರಾತ್ರಿ ನಿಜವಾದ ತೋಳ ಬಂದಿದ್ದರೆ
ಅದಕ್ಕೆ ಆ ಕೋಟೇ ಸಿಗುತ್ತಿತ್ತು.

ಮೂರನೆಯದು ಬೂದು ಬಣ್ಣದ್ದು. ಕುರೂಪಿ.
ಕೈಪಿಡಿ ಅರ್ಧ ಜರ್ಮನ್, ಇನ್ನರ್ಧ
ಯಾರೋ ಸಿಟ್ಟಿನಲ್ಲಿದ್ದಾಗ ಬರೆದದ್ದು.
ಮೊದಲ ಸಂಜೆಯೇ ಕಿರುಚಿತು:
ರಕ್ತ ನಲವತ್ತೆಂಟು ಡಿಗ್ರಿ!
ಬೂಟಿಲ್ಲದೆ ಕಾಲುಚೀಲದಲ್ಲೇ ಮೆಟ್ಟಿಲು ಹತ್ತಿ ಓಡಿದೆ.
ನರ್ಸ್ ಲೇಯ್ದಾ ಹೆಣಿಗೆ ಕೆಳಗಿಟ್ಟು
ಫ್ರಿಜ್ಜಿನ ಬಾಗಿಲು ತೆರೆದು ಒಳಗೆ ಅಂಗೈ ಚಾಚಿದಳು, ಮಗುವಿನ ಹಣೆಗೆ ಇಟ್ಟಂತೆ.
'ತಣ್ಣಗಿದೆಯಲ್ಲ, ಉರ್ವೆ.'

ಇದ್ದದ್ದು ನಾಲ್ಕೂ ಚಿಲ್ಲರೆ.
ಬಿಡಿಗೂ ಭಾಗಕ್ಕೂ ನಡುವೆ ನಾವಿಲ್ಲಿ ಚುಕ್ಕಿ ಇಡುವುದಿಲ್ಲ, ಅಲ್ಪವಿರಾಮ ಇಡುತ್ತೇವೆ.
ಅದು ಆ ಅಲ್ಪವಿರಾಮ ನುಂಗಿ ನೀರು ಕುಡಿದಿತ್ತು.

ಬೀಗವಿಲ್ಲದ ಮನೆ. ಒಳಗೆ ಹೋದೆ.
ಎರಡು ರಾತ್ರಿ ತಡಕಾಡಿದ ಮೇಲೆ ಸಾಲು ಸಿಕ್ಕಿತು.
ಅದರ ಮೇಲೆ ಯಾರದೋ ಒಂಬತ್ತು ವರ್ಷದ ಹಳೆಯ ಟಿಪ್ಪಣಿ:
ಇಲ್ಲೇನೋ ಸರಿಯಿಲ್ಲ, ಆಮೇಲೆ ನೋಡುತ್ತೇನೆ.
ನೋಡಿದೆ, ಅವರ ಪರವಾಗಿ.
ಒಂದೇ ಸಾಲು ತಿದ್ದಿ ಕಳಿಸಿದೆ.

ಮೂರು ದಿನಕ್ಕೆ ಮೊಂಟೆವಿಡಿಯೊದಿಂದ ಉತ್ತರ.
ಹಾಲಿನ ಡೈರಿಯಲ್ಲಿ ಕೆಲಸವಂತೆ, ಹೆಸರು ವಿಲ್ಮಾರ್:
'ಎರಡು ವರ್ಷ ನಮ್ಮ ಹಾಲು ದಿನಾ ರಾತ್ರಿ ಕುದಿಯಿತು ತಾಯಿ,
ನಮ್ಮದು ಮಾತ್ರ ಅಂದುಕೊಂಡಿದ್ದೆ.
ಇಲ್ಲೀಗ ಬಿರುಬೇಸಿಗೆ. ಅಲ್ಲಿ?'

ಹೆಲ್ಮಿಗೆ ಕೋಷ್ಟಕ ಬರೆದೆ.
ಬೆಲೆಯ ಕಂಬದಲ್ಲಿ ಸೊನ್ನೆ, ಸೊನ್ನೆ, ಸೊನ್ನೆ.
ಅವಳ ಮುಖ ಅರಳಿತು.
ವಿಲ್ಮಾರನನ್ನು ಯಾವ ಕಂಬಕ್ಕೆ ಹಾಕಲಿ, ತಿಳಿಯಲಿಲ್ಲ.
'ಇತರೆ' ಅಂತ ಬರೆದು ಬಿಟ್ಟೆ.

ಇನ್ನೊಂದು ಪ್ರಶ್ನೆಗೂ ಕಂಬವಿಲ್ಲ:
ಕಾಯುವ ಯಂತ್ರವೇ ಕಣ್ಣು ಮುಚ್ಚಿದರೆ?
ಅದನ್ನು ಕಾಯಲು ಹಳೆಯ ಲ್ಯಾಪ್‌ಟಾಪ್ ಒಂದನ್ನು ಕೂರಿಸಿದ್ದೇನೆ.
ಆ ಲ್ಯಾಪ್‌ಟಾಪನ್ನು...

ನಿನ್ನೆ ಹಡಗು ನಿಂತಿತು, ಕಡಲು ಹೆಪ್ಪುಗಟ್ಟಿ.
ರಾತ್ರಿ ಎರಡಕ್ಕೆ ಎಚ್ಚರವಾಯಿತು.
ಫೋನು ಬಾರಿಸಿರಲಿಲ್ಲ.
ಬಾರಿಸಿರಲಿಲ್ಲ ಎಂದೇ ಎಚ್ಚರವಾಯಿತು.
ವಾರ್ಡಿಗೆ ನಾನೇ ಕರೆ ಮಾಡಿದೆ.

'ಮುಟ್ಟಿ ನೋಡಿದೆ,' ಅಂದಳು ಲೇಯ್ದಾ, ನಾನು ಕೇಳುವ ಮೊದಲೇ.
'ತಣ್ಣಗಿದೆ. ಮಲಗು.'